ಕಲ್ಲಿನ ಚಿತ್ರ ಬರೆಯುತ್ತಿದ್ದ ಮೇರಿ ಲೀಕಿ

ಒಂದು ಕಲ್ಲು ತಾನಾಗಿ ಒಡೆದದ್ದೋ, ಯಾರೋ ಬೇಕೆಂದೇ ಒಡೆದದ್ದೋ ಎಂದು ಗೊತ್ತಾಗುವುದು ಹೇಗೆ? ಬಿಸಿಲಿಗೆ ಸೀಳಿದ ಕಲ್ಲು, ಹೊಳೆಯಲ್ಲಿ ಉರುಳಿ ಚೂರಾದ ಕಲ್ಲು, ದನದ ಕಾಲ್ತುಳಿತಕ್ಕೆ ಸಿಕ್ಕಿ ಅಂಚು ಮುರಿದ ಕಲ್ಲು, ನಮ್ಮಂಥವರ ಕಣ್ಣಿಗೆ ಎಲ್ಲವೂ ಒಂದೇ. ಬಲ್ಲವರು ಮೊದಲು ಒಡೆದ ಮುಖವನ್ನು ನೋಡುತ್ತಾರೆ. ದುಂಡುಗಲ್ಲೊಂದರಿಂದ ಇನ್ನೊಂದು ಕಲ್ಲಿನ ಅಂಚಿಗೆ ತಕ್ಕ ಕೋನದಲ್ಲಿ ಬಡಿದರೆ ಚಕ್ಕೆ ಎದ್ದು ಬರುತ್ತದೆ. ಏಟು ಬಿದ್ದ ಜಾಗದ ಕೆಳಗೆ ಚಕ್ಕೆಯ ಒಳಮೈ ಸಣ್ಣಗೆ ಉಬ್ಬಿರುತ್ತದೆ, ಆ ಉಬ್ಬಿನಿಂದಾಚೆಗೆ ನವಿರಾದ ಅಲೆಗಳು ಹರಡಿರುತ್ತವೆ. ಚಕ್ಕೆ ಬಿಟ್ಟುಹೋದ ಕಲ್ಲಿನ ಮೈಯಲ್ಲಿ ಅದೇ ಆಕಾರದ ಗುಳಿ ಉಳಿದಿರುತ್ತದೆ. ಅಂಥ ಗುಳಿಗಳು ಒಂದರ ಪಕ್ಕ ಒಂದು ಸಾಲಾಗಿ, ಒಂದೇ ಅಂಚಿನಿಂದ ಹೊರಟಿದ್ದರೆ, ಆ ಕಲ್ಲನ್ನು ಹಿಡಿದ ಕೈಯೊಂದು ಇತ್ತು ಎನ್ನಬಹುದು.

ಈ ಗುಳಿ, ಉಬ್ಬು, ಅಲೆಗಳು ಫೋಟೋದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕಲ್ಲಿನ ಬಣ್ಣ, ಕಲೆ, ಹೊಳಪು ಅಡ್ಡ ಬರುತ್ತವೆ. ಅದಕ್ಕೇ ಹಳೆ ಶಿಲಾಯುಗದ ಪುಸ್ತಕಗಳಲ್ಲಿ ಇವತ್ತಿಗೂ ಕೈಯಲ್ಲಿ ಬರೆದ ರೇಖಾಚಿತ್ರಗಳಿರುತ್ತವೆ. ಬೆಳಕು ಎಡಗಡೆ ಮೇಲಿನ ಮೂಲೆಯಿಂದ ಬೀಳುತ್ತಿದೆ ಎಂದುಕೊಂಡು ಬರೆಯುವುದು ವಾಡಿಕೆ. ಯಾವ ಚಕ್ಕೆ ಮೊದಲು ಹೋಯಿತು, ಯಾವುದು ಆಮೇಲೆ ಹೋಯಿತು ಎಂಬುದು ಗೆರೆಗಳಲ್ಲಿ ಸಿಗಬೇಕು. ಕೈ ಚೆನ್ನಾಗಿದ್ದರಷ್ಟೇ ಸಾಲದು, ಕಲ್ಲು ಒಡೆದವನ ಏಟುಗಳನ್ನು ಒಂದೊಂದಾಗಿ ಹಿಂದಕ್ಕೆ ಎಣಿಸಿಕೊಂಡು ಹೋಗುವ ಕಣ್ಣು ಬೇಕು. ಮೇರಿ ಲೀಕಿ ಎಂಬ ಹೆಣ್ಣುಮಗಳು ಮಾನವನ ಹುಟ್ಟಿನ ಶಾಸ್ತ್ರದೊಳಗೆ ಬಂದದ್ದು ಈ ಬಾಗಿಲಿನಿಂದ. ಪದವಿಯಿಂದಲ್ಲ, ಪ್ರಯೋಗಾಲಯದಿಂದಲೂ ಅಲ್ಲ.

ನಾನು ಓದಿದ ಪಠ್ಯಪುಸ್ತಕದಲ್ಲಿ ಬರೀ 'ಲೀಕಿ' ಎಂದಿತ್ತು. ಅದು ಗಂಡ, ಪುರಾತತ್ವಜ್ಞ ಲೂಯಿಸ್ ಲೀಕಿಯ ಹೆಸರು ಎಂದು ನಾವೆಲ್ಲ ಅಂದುಕೊಂಡೆವು, ಬರೆದವರೂ ಹಾಗೆಯೇ ಅಂದುಕೊಂಡಿದ್ದರು ಅಂತ ಕಾಣುತ್ತದೆ. ಆ ಪಾಠದಲ್ಲಿದ್ದ ಬುರುಡೆ ಮೇರಿಗೆ ಸಿಕ್ಕಿದ್ದು. ಆದರೆ ಈ ಬರಹ ಅದಕ್ಕಷ್ಟೇ ನ್ಯಾಯ ಕೇಳುವುದಕ್ಕಲ್ಲ. ಬುರುಡೆಗಿಂತ ದೊಡ್ಡದೊಂದನ್ನು ಆಕೆ ಮಾಡಿಟ್ಟುಹೋದರು ಎಂದು ನನಗೆ ಅನ್ನಿಸುತ್ತದೆ, ಅದನ್ನು ಹೇಳಬೇಕಿದೆ.

ಮೇರಿ ಹುಟ್ಟಿದ್ದು 1913ರ ಫೆಬ್ರವರಿ 6ರಂದು, ಲಂಡನ್ನಿನಲ್ಲಿ. ತಂದೆ ಅರ್ಸ್ಕಿನ್ ನಿಕೋಲ್ ಚಿತ್ರಕಾರ. ಊರೂರು ಸುತ್ತಿ ನಿಸರ್ಗಚಿತ್ರ ಬರೆದು ಮಾರುವ ಬದುಕು, ಹೆಂಡತಿ ಮಗಳೂ ಜೊತೆಗೆ. ಹಾಗೆ ಸುತ್ತುತ್ತ ಫ್ರಾನ್ಸಿನ ದೋರ್ದೋನ್ ಸೀಮೆಗೆ ಬಂದಾಗ ಹುಡುಗಿಗೆ ಹನ್ನೊಂದು ಹನ್ನೆರಡರ ಪ್ರಾಯ. ಅಲ್ಲಿ ಗುಹೆ ಅಗೆಯುತ್ತಿದ್ದವರು ಬೇಡವೆಂದು ಎಸೆದ ಮಣ್ಣಿನ ರಾಶಿಯಲ್ಲಿ ತಂದೆ ಮಗಳು ಸೇರಿ ಚಕಮಕಿ ಕಲ್ಲಿನ ಉಪಕರಣಗಳನ್ನು ಹೆಕ್ಕುತ್ತಿದ್ದರು. ಹೆಕ್ಕಿದ್ದನ್ನು ಮೇರಿ ತನ್ನದೇ ಲೆಕ್ಕದಲ್ಲಿ ಜಾತಿವಾರು ಜೋಡಿಸಿಡುತ್ತಿದ್ದಳು. ಪೆಶ್ ಮೆರ್ಲ್ ಗುಹೆಯ ಗೋಡೆಚಿತ್ರಗಳನ್ನು ಊರ ಪಾದ್ರಿ ಲೆಮೋಜಿ ತೋರಿಸಿದರು. 1926ರಲ್ಲಿ ತಂದೆ ತೀರಿಕೊಂಡರು. ಅಲ್ಲಿಂದ ಮುಂದೆ ತಾಯಿ ಸೇರಿಸಿದ ಕಾನ್ವೆಂಟುಗಳಲ್ಲಿ ಮೇರಿ ನಿಲ್ಲಲಿಲ್ಲ. ಬಾಯಲ್ಲಿ ಸಾಬೂನು ಅಗಿದು ನೊರೆ ಬರಿಸಿ ಮೂರ್ಛೆ ಬಂದಂತೆ ನಟಿಸಿದ್ದು, ರಸಾಯನಶಾಸ್ತ್ರದ ಕೋಣೆಯಲ್ಲಿ ಬೇಕೆಂದೇ ಸ್ಫೋಟ ಮಾಡಿದ್ದು, ಹೀಗೆ ಎರಡು ಕಡೆಯಿಂದ ಹೊರಹಾಕಿಸಿಕೊಂಡದ್ದಾಯಿತು. ಒಂದು ಪರೀಕ್ಷೆಯನ್ನೂ ಪಾಸು ಮಾಡಲಿಲ್ಲ. ಆಕ್ಸ್‌ಫರ್ಡಿನ ಪ್ರಾಧ್ಯಾಪಕರೊಬ್ಬರನ್ನು ತಾಯಿ ವಿಚಾರಿಸಿದಾಗ, ಅರ್ಜಿ ಹಾಕುವುದೂ ವ್ಯರ್ಥ ಎಂಬ ಉತ್ತರ ಬಂತು. ಅದೇ ಆಕ್ಸ್‌ಫರ್ಡ್ 1981ರಲ್ಲಿ ಆಕೆಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ತಾಯಿಯ ಕಡೆಯ ಹಿರೀಕನೊಬ್ಬನ ವಿಷಯ ಇಲ್ಲಿ ಬರಬೇಕು. ಜಾನ್ ಫ್ರೇರ್ ಎಂಬಾತ 1797ರಲ್ಲಿ ಇಂಗ್ಲೆಂಡಿನ ಹಾಕ್ಸ್ನೆ ಎಂಬ ಊರಿನ ಇಟ್ಟಿಗೆ ಮಣ್ಣಿನ ಹೊಂಡದಲ್ಲಿ, ಮಣ್ಣಿನ ಪದರಗಳ ಆಳದಲ್ಲಿ, ಕೈಗೊಡಲಿಗಳನ್ನು (ಕಾವಿಲ್ಲದೆ ಕೈಯಲ್ಲೇ ಹಿಡಿಯುವ ಕಲ್ಲಿನ ಕೊಡಲಿಗಳನ್ನು) ಕಂಡು, ಇವು ತುಂಬ ದೂರದ ಕಾಲದವು, ಲೋಹ ಗೊತ್ತಿಲ್ಲದ ಜನ ಮಾಡಿದವು ಎಂದು ಪತ್ರ ಬರೆದಿದ್ದ. ಅರವತ್ತು ವರ್ಷ ಯಾರೂ ಕಿವಿಗೊಡಲಿಲ್ಲ. ಅವನ ಮೊಮ್ಮಗ ಬಾರ್ಟ್ಲ್ ಫ್ರೇರ್ 1862ರಿಂದ 1867ರ ತನಕ ಮುಂಬಯಿ ಪ್ರಾಂತದ ಗವರ್ನರ್. ನಮ್ಮ ಧಾರವಾಡ, ಬೆಳಗಾವಿಗಳೂ ಆಗ ಅವನ ಆಡಳಿತದಲ್ಲಿದ್ದವು. ಅದೇ ಹೊತ್ತಿಗೆ, 1863ರ ಮೇ 30ರಂದು, ಮದರಾಸಿನ ಹತ್ತಿರ ಪಲ್ಲಾವರಂನಲ್ಲಿ ರಾಬರ್ಟ್ ಬ್ರೂಸ್ ಫೂಟ್ ಭಾರತದ ಮೊದಲ ಕೈಗೊಡಲಿಯನ್ನು ಗುರುತಿಸಿದ. ಬಳ್ಳಾರಿ, ರಾಯಚೂರು ಕಡೆಯನ್ನೆಲ್ಲ ಆಮೇಲೆ ಸುತ್ತಿದವನು ಅವನೇ. ಈ ಎರಡಕ್ಕೂ ಏನೂ ಸಂಬಂಧವಿಲ್ಲ, ಬರೀ ಕಾಕತಾಳೀಯ. ಆದರೂ ಹೇಳದೆ ಇರಲಾಗಲಿಲ್ಲ.

ಮತ್ತೆ ಮೇರಿಯ ಕಡೆ. ವಿಶ್ವವಿದ್ಯಾಲಯ ಸೇರದಿದ್ದರೂ ಲಂಡನ್ನಿನಲ್ಲಿ ಉಪನ್ಯಾಸಗಳಿಗೆ ಹೋಗಿ ಕೂರಬಹುದಿತ್ತು, ಕೂತರು. ಇಂಗ್ಲೆಂಡಿನ ಹೆಂಬರಿಯಲ್ಲಿ ಡೊರೊಥಿ ಲಿಡೆಲ್ ಅಗೆಯುತ್ತಿದ್ದಾಗ ಕೈಕೆಳಗೆ ಸೇರಿ ಕೆಲಸ ಕಲಿತರು, ಸಿಕ್ಕ ಕಲ್ಲುಗಳ ಚಿತ್ರ ಬರೆದುಕೊಟ್ಟರು. ಆ ಚಿತ್ರಗಳನ್ನು ಕಂಡ ಗರ್ಟ್ರೂಡ್ ಕೇಟನ್ ಥಾಮ್ಸನ್ ಈಜಿಪ್ಟಿನ ತಮ್ಮ ಪುಸ್ತಕಕ್ಕೂ ಬರೆಸಿಕೊಂಡರು. ಆ ಕಾಲದ ಇಂಗ್ಲೆಂಡಿನಲ್ಲಿ ಇಂಥ ಹೆಂಗಸರ ಒಂದು ಬಳಗವೇ ಇತ್ತು. ಕಾರ್ಮೆಲ್ ಬೆಟ್ಟದ ಗುಹೆಗಳನ್ನು ಅಗೆದ ಡೊರೊಥಿ ಗ್ಯಾರಡ್ 1939ರಲ್ಲಿ ಕೇಂಬ್ರಿಜ್‌ನ ಮೊದಲ ಮಹಿಳಾ ಪ್ರೊಫೆಸರ್ ಆದರು. ಮೇರಿಯನ್ನು ಲೂಯಿಸ್ ಲೀಕಿಗೆ ಪರಿಚಯಿಸಿದ್ದೂ ಕೇಟನ್ ಥಾಮ್ಸನ್ನರೇ, 1933ರಲ್ಲಿ. ಅವನಿಗೂ ಪುಸ್ತಕಕ್ಕೆ ಚಿತ್ರಗಳು ಬೇಕಿದ್ದವು. ಅವನಿಗೆ ಮದುವೆಯಾಗಿ ಮಕ್ಕಳಿದ್ದರು. ಮುಂದಿನದು ಊಹಿಸಬಹುದು: ಅಪವಾದ, ವಿಚ್ಛೇದನ, ಲೂಯಿಸ್‌ಗೆ ಕೇಂಬ್ರಿಜ್ ಬಾಗಿಲು ಮುಚ್ಚಿದ್ದು, 1936ರ ಕೊನೆಯಲ್ಲಿ ಮದುವೆ, ಕೀನ್ಯಾದಲ್ಲಿ ಸಂಸಾರ. ಅಷ್ಟು ಸಾಕು.

1942ರಲ್ಲಿ ನೈರೋಬಿಯ ನೈಋತ್ಯಕ್ಕಿರುವ ಓಲೋರ್ಗೆಸೈಲಿಯಲ್ಲಿ ನೆಲದ ಮೇಲೆ ರಾಶಿರಾಶಿ ಕೈಗೊಡಲಿಗಳು ಬಿದ್ದಿದ್ದು ಕಂಡಾಗ, ಒಂದು ಕಡೆ ಅವನ್ನು ಹೆಕ್ಕದೆ ಬಿದ್ದ ಹಾಗೆಯೇ ಬಿಟ್ಟು, ಸುತ್ತ ನಡೆದು ನೋಡಲು ಮರದ ಸೇತುವೆ ಕಟ್ಟಿದರು. ಇವತ್ತು ಹೋದರೂ ಅಲ್ಲಿಂದಲೇ ನೋಡಬೇಕು. 1948ರ ಅಕ್ಟೋಬರಿನಲ್ಲಿ ವಿಕ್ಟೋರಿಯಾ ಸರೋವರದ ರುಸಿಂಗ ದ್ವೀಪದ ಇಳಿಜಾರಿನಲ್ಲಿ ಮೇರಿಗೆ ಒಂದು ಹಲ್ಲು ಕಂಡಿತು. ಅದರ ಹಿಂದೆ ದವಡೆ, ಅದರ ಹಿಂದೆ ಮುಖ. ಸುಮಾರು 1.8 ಕೋಟಿ ವರ್ಷ ಹಿಂದಿನ ಪ್ರೋಕಾನ್ಸಲ್ ಎಂಬ ವಾನರದ ಬುರುಡೆ ಅದು. ಚೂರುಗಳನ್ನು ಕೂಡಿಸಿ, ತೊಡೆಯ ಮೇಲಿಟ್ಟುಕೊಂಡು ವಿಮಾನದಲ್ಲಿ ಲಂಡನ್ನಿಗೆ ಒಯ್ದರು, ಅಲ್ಲಿಂದ ಆಕ್ಸ್‌ಫರ್ಡಿನ ಅಂಗರಚನಾ ತಜ್ಞರ ಬಳಿಗೆ. ಹೌದು, ಅದೇ ಆಕ್ಸ್‌ಫರ್ಡ್.

ಇನ್ನು ಎಲ್ಲರೂ ಕೇಳುವ ಕತೆ. 1959ರ ಜುಲೈ 17, ಇಂದಿನ ಟಾಂಜಾನಿಯಾದ ಓಲ್ಡುವಾಯ್ ಕಮರಿ. ಲೂಯಿಸ್ ಜ್ವರ ಬಂದು ಡೇರೆಯಲ್ಲಿ ಮಲಗಿದ್ದ. ಮೇರಿ ತಮ್ಮ ಡಾಲ್ಮೇಶನ್ ನಾಯಿಗಳನ್ನು ಕರೆದುಕೊಂಡು ಒಂದು ಸೀಳುಕಣಿವೆಯತ್ತ ನಡೆದರು. ಆ ಸೀಳಿಗೆ 1931ರಲ್ಲಿ ಲೂಯಿಸ್ ಇಟ್ಟ ಹೆಸರು ಫ್ರಿಡಾ ಲೀಕಿಯದು, ಅಂದರೆ ಮೊದಲ ಹೆಂಡತಿಯದು. ಅಲ್ಲಿ ಕಿವಿಯ ಹಿಂದಿನ ಮೂಳೆಯ ಚೂರು, ನೆಲಕ್ಕೆ ಕಚ್ಚಿಕೊಂಡ ಎರಡು ದೊಡ್ಡ ದವಡೆಹಲ್ಲು ಕಂಡವು. ಡೇರೆಗೆ ಓಡಿಬಂದು ಗಂಡನನ್ನು ಎಬ್ಬಿಸಿದರು. ಹಲ್ಲು ನೋಡಿ ಲೂಯಿಸ್‌ಗೆ ನಿರಾಸೆ. ಅವನಿಗೆ ಬೇಕಿದ್ದದ್ದು ನಮ್ಮ ನೇರ ಪೂರ್ವಜ, ಸಿಕ್ಕಿದ್ದು ಗಟ್ಟಿ ದವಡೆಯ ಆಸ್ಟ್ರಲೋಪಿಥೆಸಿನ್, ಅಂದರೆ ಎರಡು ಕಾಲ ಮೇಲೆ ನಡೆದ, ಸಣ್ಣ ಮಿದುಳಿನ ಹಳೆಯ ಗುಂಪಿನದು. ಆದರೂ ಬೇಗ ಚೇತರಿಸಿಕೊಂಡು ಅದಕ್ಕೆ ಜಿಂಜಾಂತ್ರೊಪಸ್ ಎಂಬ ಹೊಸ ಹೆಸರಿಟ್ಟು, ಉಪಕರಣ ಮಾಡಿದವನು ಇವನೇ ಎಂದು ಸಾರಿದ. ಮೇರಿ ಸುಮಾರು ನಾನೂರು ಚೂರುಗಳನ್ನು ಕೂಡಿಸಿ ಬುರುಡೆಯನ್ನು ನಿಲ್ಲಿಸಿದರು. ಈಗ ಅದನ್ನು ಪ್ಯಾರಾಂತ್ರೊಪಸ್ ಬೋಯ್ಸೀ ಎನ್ನುತ್ತಾರೆ. 1961ರಲ್ಲಿ ಬರ್ಕ್ಲಿಯ ಇಬ್ಬರು ವಿಜ್ಞಾನಿಗಳು ಜ್ವಾಲಾಮುಖಿ ಬೂದಿಯಲ್ಲಿನ ಪೊಟ್ಯಾಸಿಯಂ ಮತ್ತು ಆರ್ಗಾನ್ ಅಳೆದು 17.5 ಲಕ್ಷ ವರ್ಷ ಎಂದರು. ಲೂಯಿಸ್ ಮೊದಲು ಹೇಳಿದ್ದು ಆರು ಲಕ್ಷ. ಮಾನವ ಚರಿತ್ರೆ ಒಂದೇ ಏಟಿಗೆ ಮೂರು ಪಟ್ಟು ಉದ್ದವಾಯಿತು. ಪತ್ರಿಕೆಗಳು ಬಂದವು, ಅಮೆರಿಕದ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಹಣ ಬಂತು, ಭಾಷಣಗಳಿಗೆ ಲೂಯಿಸ್ ಹೊರಟ.

ಮೇರಿ ಕಮರಿಯಲ್ಲೇ ಉಳಿದರು. ನನ್ನ ಮಟ್ಟಿಗೆ ನಿಜವಾದ ಕತೆ ಇಲ್ಲಿ ಶುರು.

ಬುರುಡೆ ಸಿಕ್ಕಿದ ಜಾಗದ ಸುತ್ತ ಅದೇ ಮಟ್ಟದ ನೆಲವನ್ನು ಪೂರ್ತಿ ಬಿಡಿಸಲು ನಿಂತರು. ಅಲ್ಲಿಯತನಕ ಆಫ್ರಿಕದಲ್ಲಿ ಬಹಳ ಮಂದಿ ಮಾಡುತ್ತಿದ್ದುದು ಚೆಂದದ ಕಲ್ಲು, ಒಳ್ಳೆಯ ಮೂಳೆ ಆರಿಸಿಕೊಂಡು ಮಿಕ್ಕದ್ದನ್ನು ಎಸೆಯುವ ಕೆಲಸ. ಮೇರಿ ಒಂದು ಚೂರನ್ನೂ ಎಸೆಯಲಿಲ್ಲ. ಮಣ್ಣನ್ನೆಲ್ಲ ಜರಡಿ ಹಿಡಿದರು. ಸುಮಾರು 2,500 ಕಲ್ಲಿನ ತುಣುಕು, 3,500 ಮೂಳೆ ತುಂಡು, ಪ್ರತಿಯೊಂದೂ ಎಲ್ಲಿ ಬಿದ್ದಿತ್ತೋ ಅಲ್ಲಿಯೇ ನಕಾಶೆಯ ಮೇಲೆ ಗುರುತಾಯಿತು. 1971ರಲ್ಲಿ ಓಲ್ಡುವಾಯ್ ಮಾಲೆಯ ಮೂರನೆಯ ಸಂಪುಟವಾಗಿ ಅದೆಲ್ಲ ಪ್ರಕಟವಾಯಿತು. ಓದುವ ಪುಸ್ತಕವಲ್ಲ ಅದು, ಒಪ್ಪಿಕೊಳ್ಳುತ್ತೇನೆ. ಅಳತೆ, ಪಟ್ಟಿ, ಮತ್ತೆ ಅಳತೆ. ಆದರೆ ಮಡಿಸಿಟ್ಟ ನಕಾಶೆಗಳನ್ನು ಬಿಚ್ಚಿ ಹರಡಿದಾಗ, ಕಪ್ಪು ಚುಕ್ಕೆಗಳು ಒಂದೆಡೆ ದಟ್ಟವಾಗಿ ಇನ್ನೊಂದೆಡೆ ವಿರಳವಾಗಿ ಕಾಣುವಾಗ, ಹಬ್ಬದೂಟ ಮುಗಿದ ಅಂಗಳವನ್ನು ಗುಡಿಸುವ ಮೊದಲು ನೋಡಿದಂತಾಗುತ್ತದೆ.

ಕಲ್ಲುಗಳನ್ನು ಆಕೆ ವಿಂಗಡಿಸಿದ ರೀತಿ ಇವತ್ತಿಗೂ ಪಾಠ: ಕಡಿಯುವ ಅಂಚಿನವು, ಚಕ್ರದಂಥವು, ಗುಂಡಾದವು, ಹೆರೆಯುವವು, ಬಡಿಗಲ್ಲುಗಳು, ಚಕ್ಕೆಗಳು. ಕಲ್ಲು ಯಾವ ಜಾತಿಯದು, ಎಲ್ಲಿಂದ ಬಂತು ಎಂಬುದೂ ದಾಖಲಾಯಿತು. ಬೆಣಚು ಜಾತಿಯ ಬಿಳಿ ಕಲ್ಲು ನೈಬೋರ್ ಸೊಯಿಟ್ ಎಂಬ ಗುಡ್ಡದ್ದು, ಅಲ್ಲಿಂದ ಎರಡು ಮೂರು ಕಿಲೋಮೀಟರ್. ಅಂದರೆ ಯಾರೋ ಹೊತ್ತು ತಂದಿದ್ದಾರೆ. ಕೆಳಗಿನ ಪದರದ ಸರಳ ಉಪಕರಣಗಳು, ಮೇಲೆ ಬರುತ್ತ ಕೈಗೊಡಲಿಗಳು, ನಡುವೆ ಎರಡೂ ಒಂದೇ ಕಾಲದಲ್ಲಿ ಅಕ್ಕಪಕ್ಕ ಇದ್ದದ್ದು, ಇದನ್ನು ಪದರ ಪದರವಾಗಿ ತೋರಿಸಿಕೊಟ್ಟರು. ಹಾಗಾಗಿ ಒಂದು ಬಗೆ ಅಳಿದು ಇನ್ನೊಂದು ಬಗೆ ಬಂತೆಂಬ ನೇರ ಏಣಿಯ ಲೆಕ್ಕ ಆಮೇಲೆ ಅಷ್ಟು ಸುಲಭವಾಗಿ ಉಳಿಯಲಿಲ್ಲ.

ಈ ಕೆಲಸದಲ್ಲಿ ಆಕೆ ಹೇಳಿದ ಎಲ್ಲವೂ ನಿಂತಿಲ್ಲ. ಆದಿಮಾನವರು ಕೂತು ಉಂಡು ಬದುಕಿದ ನೆಲ ಇದು ಎಂದು ಆಕೆ ಓದಿದ್ದನ್ನು 1980ರ ದಶಕದಲ್ಲಿ ಅಮೆರಿಕದ ಪುರಾತತ್ವಜ್ಞ ಬಿನ್ಫರ್ಡ್ ಕಟುವಾಗಿ ಪ್ರಶ್ನಿಸಿದ: ಸಿಂಹ, ಕತ್ತೆಕಿರುಬಗಳು ತಿಂದುಳಿಸಿದ ಮೂಳೆ ಇರಬಾರದೇಕೆ ಎಂದು. 1981ರಲ್ಲಿ ಬೇರೆ ಸಂಶೋಧಕರು ಅದೇ ಮೂಳೆಗಳ ಮೇಲೆ ಕಲ್ಲಿನಿಂದ ಕೊಯ್ದ ಗೀರುಗಳನ್ನು ಕಂಡುಹಿಡಿದರು. ಹಲ್ಲಿನ ಗುರುತುಗಳೂ ಇದ್ದವು. ಯಾರು ಮೊದಲು ಬಂದರು ಎಂಬ ವಾದ ಮುಗಿದಿಲ್ಲ. ಹಾಗೆಯೇ, ಆಕೆ ಉಪಕರಣ ಎಂದ ದಪ್ಪ ಕಲ್ಲುಗಳಲ್ಲಿ ಎಷ್ಟೋ ಬರೀ ಉಳಿಕೆ, ಬೇಕಾಗಿದ್ದದ್ದು ಹರಿತವಾದ ಚಕ್ಕೆಯೇ ಎಂದು ನಿಕೋಲಸ್ ಟೋಥ್ ತಾನೇ ಕಲ್ಲು ಒಡೆದು ನೋಡಿ ವಾದಿಸಿದ. ಆದರೆ ಇವರೆಲ್ಲ ಮೇರಿಯನ್ನು ತಿದ್ದಿದ್ದು ಯಾವುದರಿಂದ? ಆಕೆ ಎಸೆಯದೆ ಇಟ್ಟ ಮೂಳೆ, ಆಕೆ ಎಣಿಸಿಟ್ಟ ಚಕ್ಕೆ, ಆಕೆಯ ನಕಾಶೆ. ತನ್ನ ಮಾತನ್ನು ಅಲ್ಲಗಳೆಯಲು ಬೇಕಾದ ಸಾಮಗ್ರಿಯನ್ನೆಲ್ಲ ಒಪ್ಪವಾಗಿ ಕಟ್ಟಿಟ್ಟು ಹೋಗುವ ವಿಜ್ಞಾನಿಗಳು ಎಷ್ಟು ಜನ?

ನಮ್ಮ ಕಡೆಯೂ ಈ ಬಗೆಯ ಅಗೆತ ಆಗಿದೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಸುಣ್ಣಕಲ್ಲಿನ ಹಾಸುಬಂಡೆಗಳ ನಡುವೆ ಆದಿಮಾನವರ ಕಲ್ಲು ಒಡೆಯುವ ಜಾಗವನ್ನೇ ಬಿಡಿಸಿ ತೋರಿಸಿದರು. ಬಡಿಗಲ್ಲು, ಅರೆಬರೆ ಕೈಗೊಡಲಿ, ಪುಡಿಚಕ್ಕೆ ಎಲ್ಲ ಇದ್ದಲ್ಲೇ ಇದ್ದವು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳಿಂದ ಸುಮಾರು 12 ಲಕ್ಷ ವರ್ಷ ಎಂಬ ಕಾಲ ಬಂದಿದೆ. ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಅವರ ತಂಡ 2011ರಲ್ಲಿ 15 ಲಕ್ಷ ವರ್ಷದ ಲೆಕ್ಕ ಕೊಟ್ಟಿತು. ಮಾನವನ ಮೂಲ ಎಂದರೆ ಆಫ್ರಿಕದ ಬುರುಡೆಗಳು ಮಾತ್ರ ಎಂದುಕೊಂಡವರಿಗೆ ಈ ಕಲ್ಲುಗಳು ಕಾಣುವುದೇ ಇಲ್ಲ. ನಮ್ಮಲ್ಲಿ ಆ ಕಾಲದ ಬುರುಡೆ ಸಿಕ್ಕಿಲ್ಲ, ಕಲ್ಲೇ ಸಾಕ್ಷಿ. ಕಲ್ಲನ್ನು ಸಾಕ್ಷಿಯಾಗಿ ನಂಬುವ ಶಿಸ್ತು ಮೇರಿಯಂಥವರು ಕಟ್ಟಿದ್ದು.

ಹೆಸರಿಡುವ ವಿಷಯದಲ್ಲಿ ಆಕೆ ಬಹಳ ಬಿಗಿ. 1960ರಲ್ಲಿ ಮಗ ಜೊನಾಥನ್‌ಗೆ ಸಿಕ್ಕ ಎಲುಬುಗಳ ಮೇಲೆ 1964ರಲ್ಲಿ ಹೋಮೋ ಹ್ಯಾಬಿಲಿಸ್ ಎಂಬ ಹೊಸ ಜಾತಿ ಹುಟ್ಟಿತು. ಲೇಖನಕ್ಕೆ ಸಹಿ ಲೂಯಿಸ್, ಫಿಲಿಪ್ ಟೊಬಾಯಸ್, ಜಾನ್ ನೇಪಿಯರ್ ಅವರದು, ಮೇರಿಯದಲ್ಲ. 1978ರದು ಇನ್ನೂ ದೊಡ್ಡ ಜಗಳ. ಓಲ್ಡುವಾಯ್‌ನ ದಕ್ಷಿಣಕ್ಕಿರುವ ಲೇಟೋಲಿಯಲ್ಲಿ ಮೇರಿಯ ತಂಡಕ್ಕೆ 36 ಲಕ್ಷ ವರ್ಷ ದಾಟಿದ ದವಡೆಗಳು ಸಿಕ್ಕಿದ್ದವು. ಅವನ್ನು ಇಥಿಯೋಪಿಯಾದಲ್ಲಿ ಸಿಕ್ಕ ಲೂಸಿ ಎಂಬ ಎಲುಬುಗೂಡಿನ ಜೊತೆ ಸೇರಿಸಿ ಡೊನಾಲ್ಡ್ ಜೊಹಾನ್ಸನ್ ಮತ್ತು ಟಿಮ್ ವೈಟ್ ಆಸ್ಟ್ರಲೋಪಿಥೆಕಸ್ ಅಫರೆನ್ಸಿಸ್ ಎಂಬ ಜಾತಿ ಮಾಡಿದರು. ಜಾತಿಗೆ ಮಾದರಿಯಾಗಿ ಆರಿಸಿದ್ದು ಲೇಟೋಲಿಯ ದವಡೆ, ಹೆಸರು ಮಾತ್ರ ಇಥಿಯೋಪಿಯಾದ ಅಫಾರ್ ಸೀಮೆಯದು. ಸ್ಟಾಕ್‌ಹೋಮಿನ ಸಭೆಯಲ್ಲಿ ಜೊಹಾನ್ಸನ್ ಲೇಟೋಲಿಯ ವಿಷಯವನ್ನೂ ತಾನೇ ಹೇಳಿಬಿಟ್ಟಾಗ ಮೇರಿ ಕೂತು ಕೇಳಬೇಕಾಯಿತು. ಆಮೇಲೆ ಲೇಖನದಿಂದ ತಮ್ಮ ಹೆಸರನ್ನು ತೆಗೆಸಿಹಾಕಿದರು. ಜಾತಿ ಉಳಿಯಿತು, ಬಹುಪಾಲು ತಜ್ಞರು ಒಪ್ಪಿದರು. ಆ ಜಗಳದಲ್ಲಿ ಮೇರಿ ಗೆದ್ದರೆನ್ನಲಾಗದು. ಆದರೂ ತನಗೆ ಒಪ್ಪಿಗೆಯಿಲ್ಲದ ಮಾತಿನ ಕೆಳಗೆ ತನ್ನ ಹೆಸರಿರಬಾರದು ಎಂಬ ಹಟ ನನಗೆ ಹಿಡಿಸುತ್ತದೆ.

ಹಿಡಿಸದ್ದೂ ಇದೆ. 1968ರಲ್ಲಿ ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯದ ಗೌರವ ಪದವಿಯನ್ನು ವರ್ಣಭೇದದ ಕಾರಣಕ್ಕೆ ಲೂಯಿಸ್ ನಿರಾಕರಿಸಿದ, ಮೇರಿ ಸ್ವೀಕರಿಸಿದರು. ಓಲ್ಡುವಾಯ್‌ನ ಖ್ಯಾತಿಯ ಹಿಂದೆ ಹೆಸೆಲಾನ್ ಮುಕಿರಿಯಂಥ ಆಫ್ರಿಕದ ನುರಿತ ಕೆಲಸಗಾರರ ಕಣ್ಣಿತ್ತು. ಅವರ ಹೆಸರುಗಳು ಪಠ್ಯಪುಸ್ತಕದ ತನಕ ಬರಲಿಲ್ಲ. ಮೇರಿಯ ಹೆಸರೇ ಬರದಿದ್ದಲ್ಲಿ ಅವರದು ಎಲ್ಲಿ ಬಂದೀತು?

ಲೂಯಿಸ್ 1972ರಲ್ಲಿ ತೀರಿಕೊಂಡ. ಅದಕ್ಕೆ ಎಷ್ಟೋ ಮೊದಲೇ ಇಬ್ಬರೂ ಬೇರೆ ಬೇರೆಯಾಗಿ ಬದುಕುತ್ತಿದ್ದರು. ಕ್ಯಾಲಿಫೋರ್ನಿಯಾದ ಕ್ಯಾಲಿಕೋ ಗುಡ್ಡದ ಕಲ್ಲುಗಳನ್ನು ಅವನು ಆದಿಮಾನವರ ಉಪಕರಣ ಎಂದ, ಮೇರಿ ಒಪ್ಪಲಿಲ್ಲ. ಒಡೆದದ್ದು ಕೈಯೋ, ತಾನಾಗಿ ಒಡೆಯಿತೋ ಎಂಬ ಅದೇ ಪ್ರಶ್ನೆ, ಈ ಸಲ ಗಂಡ ಹೆಂಡಿರ ನಡುವೆ. ಮೇರಿ ಕಮರಿಯ ಅಂಚಿನ ಬಿಡಾರದಲ್ಲಿ ನಾಯಿಗಳು, ಸಿಗಾರು, ರೇಖಾಚಿತ್ರಗಳ ಜೊತೆ ಕೆಲಸ ಮುಂದುವರಿಸಿದರು.

ಲೇಟೋಲಿಯ ಹೆಜ್ಜೆಗಳು ಸಿಕ್ಕಿದ್ದು ಆ ವರ್ಷಗಳಲ್ಲೇ. 1976ರಲ್ಲಿ ಅಲ್ಲಿಗೆ ಬಂದ ವಿಜ್ಞಾನಿಗಳು ಒಣಗಿದ ಆನೆ ಲದ್ದಿಯಲ್ಲಿ ಪರಸ್ಪರ ಹೊಡೆದಾಡಿಕೊಂಡು ಆಡುತ್ತಿದ್ದಾಗ, ತಪ್ಪಿಸಿಕೊಳ್ಳಲು ಹೋಗಿ ಬಿದ್ದ ಆಂಡ್ರೂ ಹಿಲ್ ಮೂಗಿನ ಮುಂದಿದ್ದ ಗಟ್ಟಿ ಬೂದಿಯ ಮೇಲೆ ಪ್ರಾಣಿಗಳ ಹೆಜ್ಜೆಗಳನ್ನೂ ಮಳೆಹನಿಯ ಗುಳಿಗಳನ್ನೂ ಕಂಡ. ಜ್ವಾಲಾಮುಖಿಯಿಂದ ಬಂದ ಆ ಬೂದಿ ಸುಣ್ಣದಂಶ ಹೆಚ್ಚಿದ್ದದ್ದು. ಮಳೆಯಲ್ಲಿ ನೆನೆದು ಬಿಸಿಲಿಗೆ ಒಣಗಿದರೆ ಗಾರೆಯಂತೆ ಗಡುಸಾಗುತ್ತದೆ. ಮೇಲೆ ಮತ್ತೆ ಬೂದಿ ಬಿದ್ದು ಮುಚ್ಚಿತು. 1978ರಲ್ಲಿ ಪಾಲ್ ಏಬೆಲ್‌ಗೆ ಮನುಷ್ಯರದಂಥ ಹಿಮ್ಮಡಿಯ ಗುರುತೊಂದು ಕಂಡಿತು. ತಂಡದಲ್ಲಿ ಎಲ್ಲರಿಗೂ ನಂಬಿಕೆಯಿರಲಿಲ್ಲ. ಎಂಡಿಬೊ ಎಂಬುಯಿಕಾ ಎಂಬ ಕೆಲಸಗಾರನನ್ನು ಮೇರಿ ಅಗೆಯಲು ಕಳಿಸಿದರು. ಅವನು ಮತ್ತೆ ಹೆಜ್ಜೆಗಳಿವೆ ಎಂದು ತೋರಿಸಿದ. ಕೊನೆಗೆ ಸುಮಾರು 27 ಮೀಟರ್ ಉದ್ದಕ್ಕೆ 70ರಷ್ಟು ಹೆಜ್ಜೆಗಳು ಹೊರಬಂದವು. ಒಂದು ಚಿಕ್ಕ ಪಾದದ ಸಾಲು, ಪಕ್ಕದಲ್ಲಿ ದೊಡ್ಡ ಪಾದದ ಸಾಲು, ಆ ದೊಡ್ಡ ಹೆಜ್ಜೆಗಳೊಳಗೇ ಕಾಲಿಟ್ಟು ನಡೆದ ಮೂರನೆಯವರು.

ಹೆಬ್ಬೆರಳು ಚಿಂಪಾಂಜಿಯಂತೆ ಪಕ್ಕಕ್ಕೆ ಚಾಚಿಲ್ಲ, ಮುಂದಕ್ಕಿದೆ. ಹಿಮ್ಮಡಿ ಮೊದಲು ಊರಿದೆ. ಕಾಲ 36.6 ಲಕ್ಷ ವರ್ಷ ಹಿಂದೆ. ಆ ಹೊತ್ತಿಗೆ ಗೊತ್ತಿದ್ದ ಅತಿ ಹಳೆಯ ಕಲ್ಲಿನ ಉಪಕರಣಕ್ಕಿಂತ ಇದು ಎಷ್ಟೋ ಲಕ್ಷ ವರ್ಷ ಹಿಂದಿನದು. 2015ರಲ್ಲಿ ಸೋನಿಯಾ ಹಾರ್ಮಂಡ್ ತಂಡ ಕೀನ್ಯಾದ ಲೊಮೆಕ್ವಿಯಲ್ಲಿ ತೋರಿಸಿದ 33 ಲಕ್ಷ ವರ್ಷದ ಕಲ್ಲುಗಳಿಗಿಂತಲೂ ಹಿಂದಿನದೇ. ಮಿದುಳು ದೊಡ್ಡದಾಯಿತು, ಕೈಗೆ ಕೆಲಸ ಬಂತು, ಅದಕ್ಕಾಗಿ ಎದ್ದು ನಿಂತೆವು ಎಂಬ ಹಳೆಯ ಕತೆಯನ್ನು ಈ ಹೆಜ್ಜೆಗಳು ತಿರುಗಿಸಿ ಹಾಕಿದವು. ಎದ್ದು ನಡೆದದ್ದು ಮೊದಲು, ಉಳಿದದ್ದೆಲ್ಲ ಆಮೇಲೆ. ಮೂಳೆ ನೋಡಿ ನಡಿಗೆಯನ್ನು ಊಹಿಸಬಹುದು, ಇಲ್ಲಿ ನಡಿಗೆಯೇ ಅಚ್ಚಾಗಿತ್ತು.

ಊಹೆಗೆ ಇಳಿಯದ ಮೇರಿಯೂ ಇಲ್ಲಿ ಸ್ವಲ್ಪ ಇಳಿದರು. ನಡೆಯುತ್ತಿದ್ದವರಲ್ಲೊಬ್ಬರು ಒಂದು ಕಡೆ ತಡೆದು, ಎಡಕ್ಕೆ ತಿರುಗಿ ನೋಡಿ, ಮತ್ತೆ ಮುಂದೆ ಹೋದಂತಿದೆ ಎಂದು 1979ರಲ್ಲಿ ಬರೆದರು. ಯಾವುದೋ ಭಯವಿತ್ತೇನೋ ಎಂದೂ ಸೇರಿಸಿದರು. ಅಷ್ಟು ಸಲುಗೆ ಆಕೆಗೆ ಸಲ್ಲಬೇಕು. ಆ ವರ್ಷವೇ ಹೆಜ್ಜೆಗಳನ್ನು ಮಣ್ಣು ಹಾಕಿ ಮುಚ್ಚಿದರು. ಆ ಮಣ್ಣಿನಲ್ಲೇ ಜಾಲಿಯ ಬೀಜಗಳಿದ್ದು, ಮರಗಳೆದ್ದು, ಬೇರುಗಳು ಹೆಜ್ಜೆಗಳತ್ತ ಇಳಿಯತೊಡಗಿ, ತೊಂಬತ್ತರ ದಶಕದಲ್ಲಿ ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯೂ ಟಾಂಜಾನಿಯಾ ಸರಕಾರವೂ ಸೇರಿ ಮತ್ತೆ ತೆರೆದು, ಬೇರು ತೆಗೆದು, ಮತ್ತೆ ಮುಚ್ಚಬೇಕಾಯಿತು. ಮೇರಿ ತೀರಿಕೊಂಡದ್ದು 1996ರ ಡಿಸೆಂಬರ್ 9ರಂದು, ನೈರೋಬಿಯಲ್ಲಿ, 83ನೆಯ ವಯಸ್ಸಿನಲ್ಲಿ.

ಲೇಟೋಲಿಯಲ್ಲಿ ಇನ್ನೊಂದು ಜಾಗವಿತ್ತು. ಪ್ರಸಿದ್ಧ ಹೆಜ್ಜೆಗಳಿಗಿಂತ ಮೊದಲೇ ಅಲ್ಲಿ ಐದು ಹೆಜ್ಜೆಗಳು ಸಿಕ್ಕಿದ್ದವು. ಅಗಲ ಪಾದ, ಒಂದು ಕಾಲು ಇನ್ನೊಂದರ ಗೆರೆ ದಾಟಿ ಅಡ್ಡ ಬಿದ್ದ ವಿಚಿತ್ರ ನಡಿಗೆ. ಇದು ಮಾನವ ಕುಲದ್ದಿರಬಹುದು ಎಂದು ಮೇರಿ ಹೇಳಿದ್ದರು. ಎರಡು ಕಾಲ ಮೇಲೆ ನಡೆದ ಕರಡಿಯದಿರಬಹುದು ಎಂದು ಆಮೇಲೆ ಬೇರೆಯವರು ಸೂಚಿಸಿದರು, ಎಲ್ಲರೂ ಮರೆತರು. ಚಾರ್ಲ್ಸ್ ಮುಸಿಬಾ, ಎಲಿಸನ್ ಮ್ಯಾಕ್‌ನಟ್, ಜೆರೆಮಿ ಡಿಸಿಲ್ವ ಮತ್ತು ಜೊತೆಗಾರರು 2019ರಲ್ಲಿ ಮೇರಿಯ ನಕಾಶೆ ಹಿಡಿದು ಆ ಜಾಗವನ್ನು ಮತ್ತೆ ಬಿಡಿಸಿದರು. ಅಮೆರಿಕದ ಕರಿಕರಡಿಗಳು ಎದ್ದು ನಡೆಯುವುದನ್ನು ಚಿತ್ರೀಕರಿಸಿ ಹೋಲಿಸಿದರು, ಚಿಂಪಾಂಜಿಗಳ ಮತ್ತು ಮನುಷ್ಯರ ಹೆಜ್ಜೆಗಳನ್ನೂ ಅಳೆದರು. ಕರಡಿಯದಲ್ಲ ಎಂದು 2021ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಕ್ಕದ ಪ್ರಸಿದ್ಧ ಹೆಜ್ಜೆಗಳವರ ಕುಲವೂ ಅದಲ್ಲ, ಬೇರೆ ಯಾವುದೋ ಎಂದು ಅವರ ವಾದ. ಅದು ಯಾರೆಂದು ಹೇಳಲು ಅಲ್ಲಿ ಒಂದು ಎಲುಬೂ ಸಿಕ್ಕಿಲ್ಲ, ಅವರೂ ಹೊಸ ಹೆಸರಿಟ್ಟಿಲ್ಲ.